ನಿಮಗಿದು ಗೊತ್ತೇ? ಅರ್ಧ ಕಿಲೋ ಮಾಸಿನ ಕರಾಮತ್ತು!

ಹೆರಿಗೆಯಾದ ಮೇಲೆ ಬೀಳುವ ಮಾಸು ಇದೆಯಲ್ಲ, ಅದರ ತೂಕ ಹೆಚ್ಚುಕಡಿಮೆ ಅರ್ಧ ಕಿಲೋ, ಅಷ್ಟೆ. ಆದರೆ ಅದರೊಳಗಿನ ಸಣ್ಣ ಸಣ್ಣ ರಕ್ತನಾಳಗಳನ್ನೆಲ್ಲ ಒಂದರ ತುದಿಗೆ ಒಂದು ಜೋಡಿಸಿದರೆ 500 ಕಿ.ಮೀ. ದಾಟುತ್ತದೆ ಎಂಬ ಅಂದಾಜಿದೆ. ಬೆಂಗಳೂರಲ್ಲಿ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಬೆಳಗಾವಿಯಲ್ಲಿ!

ಇಷ್ಟೊಂದು ನಾಳಗಳನ್ನು ಒಂಬತ್ತೇ ತಿಂಗಳಲ್ಲಿ ಬೆಳೆಸುವವರು ಯಾರು? ಕೆಲವು ಪ್ರೋಟೀನ್‌ಗಳು! ಅವು ಎಲ್ಲಿ ಹೆಚ್ಚಾಗುತ್ತವೋ ಆ ಕಡೆಗೇ ರಕ್ತನಾಳ ಚಿಗುರುತ್ತದೆ. ಇವುಗಳಲ್ಲಿ ಹಿರಿಯಣ್ಣ ವಿಇಜಿಎಫ್.

ಈ ಹಿರಿಯಣ್ಣ ಮೊದಲು ಸಿಕ್ಕಿದ್ದು ಬಸುರಿಯಲ್ಲಲ್ಲ, ಗಿನಿ ಇಲಿಯ ಕ್ಯಾನ್ಸರ್ ಗಡ್ಡೆಯಲ್ಲಿ! 1983ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ತಂಡ ಕಂಡಾಗ ಅದರ ಕೆಲಸ ರಕ್ತನಾಳ ಸೋರುವಂತೆ ಮಾಡುವುದು ಎಂದಷ್ಟೇ ಗೊತ್ತಿತ್ತು. 1989ರಲ್ಲಿ ನೆಪೋಲಿಯೋನ್ ಫೆರಾರ ಅವರಿಗೆ ದನದ ಪಿಟ್ಯುಟರಿ ಗ್ರಂಥಿಯಲ್ಲಿ ನಾಳ ಬೆಳೆಸುವ ಪ್ರೋಟೀನ್ ಒಂದು ಸಿಕ್ಕಿತು. ಹೋಲಿಸಿ ನೋಡಿದರೆ ಎರಡೂ ಒಂದೇ!

ನಮ್ಮ ಬಹುತೇಕ ಜೀನ್‌ಗಳಿಗೆ ಎರಡು ಪ್ರತಿ. ಅಮ್ಮನದೊಂದು, ಅಪ್ಪನದೊಂದು. ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ಸಂಭಾಳಿಸುತ್ತದೆ. ವಿಇಜಿಎಫ್ ವಿಷಯದಲ್ಲಿ ಆ ಆಟ ನಡೆಯುವುದಿಲ್ಲ. 1996ರಲ್ಲಿ ಇಲಿಗಳಲ್ಲಿ ಒಂದೇ ಒಂದು ಪ್ರತಿ ತೆಗೆದು ನೋಡಿದರು. ಭ್ರೂಣಗಳು 11-12ನೇ ದಿನಕ್ಕೆಲ್ಲ ಸತ್ತುಹೋದವು!

ಈ ಹಿರಿಯಣ್ಣನಿಗೊಬ್ಬ ತಮ್ಮನಿದ್ದಾನೆ, ಪಿಎಲ್‌ಜಿಎಫ್. 1991ರಲ್ಲಿ ಇಟಲಿಯ ವಿಜ್ಞಾನಿಗಳು ಮಾಸಿನಲ್ಲೇ ಹುಡುಕಿ, ಮಾಸಿನ (ಪ್ಲಾಸೆಂಟಾ) ಹೆಸರನ್ನೇ ಇಟ್ಟರು. ತಮಾಷೆ ನೋಡಿ, ಈ ತಮ್ಮ ಇಲ್ಲದೆಯೂ ಇಲಿಮರಿಗಳು ಆರಾಮಾಗಿ ಹುಟ್ಟಿದವು!

ಇನ್ನೊಂದು ಕೇಳಿ. ಮಾಸಿನ ಬಹುತೇಕ ಜೀವಕೋಶಗಳು ಅಮ್ಮನವಲ್ಲ, ಮಗುವಿನ ಕಡೆಯವು. ಅವು ಗರ್ಭಕೋಶದೊಳಕ್ಕೆ ನುಗ್ಗಿ, ಅಮ್ಮನ ಸುರುಳಿ ರಕ್ತನಾಳಗಳ ಗೋಡೆಯಲ್ಲಿರುವ ಸ್ನಾಯುವನ್ನೇ ಕಿತ್ತುಹಾಕುತ್ತವೆ! ನಾಳಗಳು ಅಗಲವಾಗಿ ಬಾಯಿ ತೆರೆದುಕೊಳ್ಳುತ್ತವೆ. ಅಮ್ಮನ ದೇಹ ಬೇಕೆಂದರೂ ಅವನ್ನು ಬಿಗಿಯಲಾರದು. ಎಂಥ ಹಟಮಾರಿ ಮಗು! ಗರ್ಭಕೋಶಕ್ಕೆ ನಿಮಿಷಕ್ಕೆ 50 ಮಿ.ಲೀ.ನಷ್ಟು ಹರಿಯುತ್ತಿದ್ದ ರಕ್ತ ದಿನ ತುಂಬುವ ಹೊತ್ತಿಗೆ 500 ಮಿ.ಲೀ. ಮೀರುತ್ತದೆ.

ಆದರೆ ಮೊದಲ ಎರಡು ತಿಂಗಳು ಎಲ್ಲ ಉಲ್ಟಾ! ಅದೇ ಜೀವಕೋಶಗಳು ನಾಳಗಳ ಬಾಯಿಗೆ ಬಿರಡೆ ಹಾಕಿ ಕೂತಿರುತ್ತವೆ. ಆಗ ಭ್ರೂಣ ಬದುಕುವುದು ಗರ್ಭಕೋಶದ ಗ್ರಂಥಿಗಳು ಸುರಿಸುವ ರಸದ ಮೇಲೆ.

ಈಗ ಖಳನಾಯಕನ ಪ್ರವೇಶ. ಅವನನ್ನು ತಯಾರಿಸುವುದೂ ಮಾಸೇ! ಹೆಸರು ಎಸ್‌ಫ್ಲಿಟ್-1. ರಕ್ತದಲ್ಲಿ ತೇಲುತ್ತಾ ಅಣ್ಣ-ತಮ್ಮ ಇಬ್ಬರನ್ನೂ ಕಚ್ಚಿ ಹಿಡಿದು ಕೆಲಸ ಮಾಡಲು ಬಿಡುವುದಿಲ್ಲ. ಇದು ಮಿತಿ ಮೀರಿದರೆ ಅಮ್ಮನ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಅದೇ ಪ್ರಿ-ಎಕ್ಲಾಂಪ್ಸಿಯ.

ಇದನ್ನು 2003ರಲ್ಲಿ ತೋರಿಸಿಕೊಟ್ಟ ಬಾಸ್ಟನ್ ತಂಡದ ಮುಖ್ಯಸ್ಥರು ಭಾರತ ಮೂಲದ ಮೂತ್ರಪಿಂಡ ತಜ್ಞ ಅನಂತ್ ಕರುಮಂಚಿ! ಬಸುರಿ ಇಲಿಗಳಲ್ಲಿ ಎಸ್‌ಫ್ಲಿಟ್-1 ಹೆಚ್ಚಿಸಿದರೆ ಸಾಕು, ಬಿಪಿ, ಪ್ರೋಟೀನ್ ಎರಡೂ ಹಾಜರ್.

ಇದಕ್ಕೆ ಇನ್ನೊಂದು ಸಾಕ್ಷಿ ಕ್ಯಾನ್ಸರ್ ವಾರ್ಡಿನಲ್ಲಿ! ಗಡ್ಡೆಗೆ ರಕ್ತ ಸಿಗದಂತೆ ವಿಇಜಿಎಫ್ ತಡೆಯುವ ಬೆವಸಿಝುಮ್ಯಾಬ್ ಔಷಧಿ ಕೊಟ್ಟಾಗ ಕೆಲವು ರೋಗಿಗಳಿಗೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿತು. ಹೌದು, ಗಂಡಸರಿಗೂ!

2004ರ ಅಧ್ಯಯನದಲ್ಲಿ ಇನ್ನೂ ಸೋಜಿಗ. ಕಾಯಿಲೆ ಕಾಣಿಸುವುದಕ್ಕೆ ಸುಮಾರು ಐದು ವಾರ ಮೊದಲೇ ರಕ್ತದಲ್ಲಿ ಎಸ್‌ಫ್ಲಿಟ್-1 ಏರತೊಡಗಿತ್ತು! ಇದನ್ನೂ ಪಿಎಲ್‌ಜಿಎಫ್ ಅನ್ನೂ ಒಟ್ಟಿಗೆ ಅಳೆದು ಅಪಾಯ ಹೇಳುವ ರಕ್ತಪರೀಕ್ಷೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು.

ಅಂದಹಾಗೆ, ನಿಮ್ಮ ಮನೆಯಲ್ಲಿ ಬಸುರಿ ಇದ್ದಾರೆಯೇ? ಪ್ರತಿ ಚೆಕಪ್ಪಿನಲ್ಲೂ ಬಿಪಿ, ಮೂತ್ರ ಪರೀಕ್ಷೆ ಮಾಡಿಸಿ. ಐದು ತಿಂಗಳು ಕಳೆದ ಮೇಲೆ ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ನಾಳೆ ನೋಡೋಣ ಎನ್ನಬೇಡಿ. ಅವತ್ತೇ ಡಾಕ್ಟರ ಬಳಿ ಕರೆದೊಯ್ಯಿರಿ!