ಮುಧೋಳ ನಾಯಿ: ಸಾಕುವ ಮತ್ತು ಪಳಗಿಸುವ ಕ್ರಮ

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಬೇಟೆನಾಯಿಯ ಹೆಸರು ಈಗ ಎಲ್ಲೆಡೆ ಹಬ್ಬಿದೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವುಳ್ಳ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಭಾರತೀಯ ಸೇನೆ ಕೆಲವು ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದಿತು. ಹೆಸರು ಕೇಳಿ ಮರಿ ತರುವ ರೈತರೂ ಹೆಚ್ಚಾಗಿದ್ದಾರೆ. ಆದರೆ ತಂದ ಮೇಲೆ ಅದನ್ನು ಹಗಲೂ ರಾತ್ರಿ ಸರಪಳಿಯಲ್ಲಿ ಕಟ್ಟುವುದು, ಇಲ್ಲವೆ ಊರಮೇಲೆ ಬಿಟ್ಟುಬಿಡುವುದು, ಈ ಎರಡು ತಪ್ಪುಗಳು ಸಾಮಾನ್ಯವಾಗಿವೆ. ಕಟ್ಟಿಯೇ ಇಟ್ಟರೆ ನಾಯಿ ಕೆಡುತ್ತದೆ. ಬಿಟ್ಟರೆ ನೆರೆಯವರ ಆಡು-ಕುರಿಗಳಿಗೆ ಅಪಾಯ. ಇವೆರಡನ್ನೂ ತಪ್ಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ತಳಿಯ ಸ್ವಭಾವ

ಗಂಡು ಸುಮಾರು 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎತ್ತರವಿರುತ್ತದೆ. ಉದ್ದ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆ, ತೆಳುವಾದ ಚರ್ಮ ಇದರ ಲಕ್ಷಣಗಳು. ಇದು ಮುಖ್ಯವಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಬೆನ್ನು ಹತ್ತುತ್ತದೆ. ಓಡುತ್ತಿರುವುದು ಮೊಲವೋ ನೆರೆಯವರ ಆಡಿನ ಮರಿಯೋ ಎಂಬ ಭೇದ ಅದಕ್ಕೆ ತಾನಾಗಿ ತಿಳಿಯದು, ನೀವೇ ಕಲಿಸಬೇಕು. ನಾಯಿಯನ್ನು ಛೂ ಬಿಟ್ಟು ಕಾಡುಪ್ರಾಣಿಗಳನ್ನು ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದನ್ನೂ ನೆನಪಿಡಿ.

ಪಳಗಿಸುವ ಕಾಲ

ಬಿತ್ತಿದ ಮೊದಲ ಕೆಲವು ವಾರಗಳಲ್ಲಿ ಕಳೆ ತೆಗೆಯದಿದ್ದರೆ, ಆಮೇಲೆ ಎಷ್ಟು ಆಳು ಹಚ್ಚಿದರೂ ಹೋದ ಇಳುವರಿ ಬಾರದೆಂಬುದು ನಿಮಗೆ ಗೊತ್ತು. ನಾಯಿಮರಿಗೂ ಅಂಥದೇ ಒಂದು ಅವಧಿ ಇದೆ. ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗೆ ಅದು ಕಂಡದ್ದಕ್ಕೆಲ್ಲ ಹೊಂದಿಕೊಳ್ಳುತ್ತದೆ. 8 ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮನೆಗೆ ತಂದ ಮೇಲೆ ಮಕ್ಕಳು, ಅತಿಥಿಗಳು, ದನ, ಕುರಿ, ಕೋಳಿ, ಟ್ರ್ಯಾಕ್ಟರಿನ ಸದ್ದು ಇವೆಲ್ಲವನ್ನೂ ದಿನವೂ ತೋರಿಸಿ ರೂಢಿ ಮಾಡಿಸಿ.

ಮೊದಲು ಕಲಿಸಬೇಕಾದುದು ಕರೆದಾಗ ಬರುವುದನ್ನು. ಹೆಸರು ಹಿಡಿದು 'ಬಾ' ಎಂದು ಕರೆಯಿರಿ. ಬಂದೊಡನೆ ತಿನ್ನಲು ಒಂದು ಚೂರು ಕೊಟ್ಟು ಮೈದಡವಿ. ದಿನಕ್ಕೆ ಎರಡು ಸಲ, ಪ್ರತಿ ಸಲ 10 ನಿಮಿಷ ಸಾಕು. ತಡವಾಗಿ ಬಂದಿತೆಂದು ಹೊಡೆಯಕೂಡದು. ಬಂದದ್ದಕ್ಕೆ ಪೆಟ್ಟು ಬಿತ್ತೆಂದೇ ಅದು ತಿಳಿದು ಮುಂದೆ ಬರುವುದನ್ನೇ ಬಿಡುತ್ತದೆ.

ಮೂರು ತಿಂಗಳಾದ ಮೇಲೆ ಕೊರಳಪಟ್ಟಿಗೆ 10 ಮೀಟರಿನ ಹಗ್ಗ ಕಟ್ಟಿ ಬಯಲಿನಲ್ಲಿ ಇದನ್ನೇ ಅಭ್ಯಾಸ ಮಾಡಿಸಿ. ಕುರಿಮಂದೆಯ ಬಳಿ ಹಗ್ಗ ಹಿಡಿದೇ ನಡೆಸಿ, ಅದು ಮಂದೆಯಿಂದ ಮುಖ ತಿರುಗಿಸಿ ನಿಮ್ಮನ್ನು ನೋಡಿದಾಗಲೆಲ್ಲ ತಿನಿಸು ಕೊಡಿ. ತಿಂಗಳುಗಟ್ಟಲೆ ಹೀಗೆ ಮಾಡಿ ನಂಬಿಕೆ ಬರುವವರೆಗೆ ಮಂದೆಯ ಹತ್ತಿರ ಹಗ್ಗ ಬಿಚ್ಚಬೇಡಿ.

ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು ನಡಿಗೆ ಬೇಕು. ಬೇಲಿಯಿರುವ ಹೊಲದಲ್ಲಿ ಸ್ವಲ್ಪ ಹೊತ್ತು ಮನಸಾರೆ ಓಟವೂ ಬೇಕು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಇದನ್ನು ಮುಗಿಸಿ. ಎಲುಬು ಬಲಿಯುವವರೆಗೆ, ಅಂದರೆ ಒಂದು ವರ್ಷದವರೆಗೆ, ಮೋಟಾರ್ ಸೈಕಲ್ಲಿನ ಹಿಂದೆ ಓಡಿಸುವಂಥ ದಣಿವು ಕೊಡಬಾರದು.

ಆಹಾರ

ಜೋಳದ ನುಚ್ಚಿನ ಗಂಜಿ ಅಥವಾ ರೊಟ್ಟಿಯೊಂದರಿಂದಲೇ ಮರಿ ಬೆಳೆಯದು. ಅದರೊಡನೆ ಬೇಯಿಸಿದ ಮೊಟ್ಟೆ ಇಲ್ಲವೆ ಮಾಂಸ ಸೇರಬೇಕು. ಮೂರು ತಿಂಗಳವರೆಗೆ ದಿನಕ್ಕೆ 4 ಸಲ, ಆರು ತಿಂಗಳವರೆಗೆ 3 ಸಲ, ಆಮೇಲೆ 2 ಸಲ ಉಣಿಸಿ. ಉಂಡ ಕೂಡಲೇ ಓಡಿಸಬೇಡಿ. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಎಲುಬು ಸಿಬಿರಾಗಿ ಕರುಳು ಚುಚ್ಚುತ್ತದೆ. ಈ ತಳಿಯಲ್ಲಿ ಕಡೆಯ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ. ಅದಕ್ಕಾಗಿ ತಿನ್ನಿಸಿ ಕೊಬ್ಬಿಸಬೇಡಿ. ತೊಡೆಯ ಮಾಂಸ ಕರಗಿದ್ದರೆ ಮಾತ್ರ ಚಿಂತಿಸಬೇಕು.

ರೋಗಗಳಿಂದ ರಕ್ಷಣೆ

6ರಿಂದ 8ನೆಯ ವಾರದಲ್ಲಿ ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ಲಸಿಕೆ ಆರಂಭಿಸಿ, ವೈದ್ಯರು ಹೇಳಿದಂತೆ ಮರುಲಸಿಕೆ ಹಾಕಿಸಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಪ್ರತಿವರ್ಷವೂ ತಪ್ಪದೆ ಮುಂದುವರಿಸಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ತೀರ ಅಪರೂಪ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚಕೂಡದು.

ಕುರಿ ಸಾಕುವವರು ಇನ್ನೊಂದು ಮಾತು ಗಮನಿಸಬೇಕು. ಕೊಯ್ದ ಅಥವಾ ಸತ್ತ ಕುರಿಯ ಹಸಿ ಪಿತ್ತಜನಕಾಂಗ, ಶ್ವಾಸಕೋಶ, ಮೆದುಳನ್ನು ನಾಯಿಗೆ ಹಾಕುವ ಪದ್ಧತಿ ಇದೆ. ಅವುಗಳಲ್ಲಿರುವ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಹುಲ್ಲು, ನೀರು, ಕಾಯಿಪಲ್ಯ ಸೇರುತ್ತವೆ. ಅವನ್ನು ತಿಂದ ಕುರಿಗಳ ಅಂಗಾಂಗಗಳಲ್ಲಿ ಮತ್ತೆ ಗುಳ್ಳೆ ಏಳುತ್ತವೆ. ಮನುಷ್ಯರ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲೂ ಏಳುತ್ತವೆ. ಆದ್ದರಿಂದ ಅಂಥ ಅಂಗಗಳನ್ನು ಆಳವಾಗಿ ಹೂಳಿ ಇಲ್ಲವೆ ಸುಡಿ. ಬೆಳೆದ ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುನಾಶಕ ಕೊಡಿಸಿ; ಮರಿಗಳಿಗೆ ಇದಕ್ಕಿಂತ ಹೆಚ್ಚು ಸಲ ಬೇಕು.

ಉಣ್ಣಿ ಕಂಡರೆ ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚಬೇಡಿ. ಈ ತಳಿಯ ಚರ್ಮ ತೆಳು, ನಾಯಿ ಮೈ ನೆಕ್ಕಿಕೊಳ್ಳುವುದೂ ಸಹಜ. ವಿಷ ಒಳಸೇರಿ ಸಾಯಬಹುದು. ಇಲಿಪಾಷಾಣ ಇಟ್ಟ ಹೊಲಕ್ಕೆ ಬಿಡಬೇಡಿ. ಶಸ್ತ್ರಚಿಕಿತ್ಸೆ ಬೇಕಾದರೆ ಇದು ಮುಧೋಳ ತಳಿಯೆಂದು ವೈದ್ಯರಿಗೆ ಮೊದಲೇ ತಿಳಿಸಿ. ಕೊಬ್ಬು ಕಡಮೆಯಿರುವ ಇಂಥ ನಾಯಿಗಳಿಗೆ ಅರಿವಳಿಕೆ ಔಷಧವನ್ನು ನೋಡಿಕೊಂಡು ಕೊಡಬೇಕಾಗುತ್ತದೆ.

ಮರಿ ಕೊಳ್ಳುವಾಗ

ತಾಯಿಯನ್ನು, ಸಾಧ್ಯವಾದರೆ ತಂದೆಯನ್ನೂ ನೋಡಿಯೇ ಮರಿ ಆರಿಸಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಬಗೆಗೆ ಅಲ್ಲಿ ವಿಚಾರಿಸಬಹುದು. ಸುಗ್ಗಿಯ ದಿನಗಳಲ್ಲಿಯೂ ದಿನಕ್ಕೆ ಒಂದು ತಾಸು ಈ ನಾಯಿಗಾಗಿ ಕೊಡಬಲ್ಲವರು ಮನೆಯಲ್ಲಿ ಇದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ. ಇಲ್ಲವಾದರೆ ಮನೆ ಕಾಯಲು ಊರ ನಾಯಿಯ ಮರಿಯೇ ಸಾಕು; ಅದಕ್ಕೂ ಲಸಿಕೆ ತಪ್ಪಿಸಬೇಡಿ.