ದೋಣಿ ಮಗುಚಿದರೆ ಪರಿಹಾರ ಯಾರಲ್ಲಿ ಕೇಳಬೇಕು?

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಸರೋವರದಲ್ಲಿ ವಿಹಾರದ ದೋಣಿಯೊಂದು ಮಗುಚಿ 45 ಮಂದಿ ಪ್ರವಾಸಿಗಳು ನೀರುಪಾಲಾದರು. ಇಂಥ ಸುದ್ದಿ ಕೇಳಿ ನಾವು ಮರುಗುತ್ತೇವೆ; ಆದರೆ ಗಾಯಗೊಂಡು ಬದುಕುಳಿದವರು ಪರಿಹಾರವನ್ನು ಎಲ್ಲಿ ಕೇಳಬೇಕೆಂದು ವಿಚಾರಿಸುವವರು ವಿರಳ.

ಸರೋವರಕ್ಕೆ ಹೋಗುವ ದಾರಿಯಲ್ಲಿ ಬಸ್ಸು ಉರುಳಿದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಉಂಟು. ತಾವು ವಾಸಿಸುವ ಊರಿನ ಮಂಡಳಿಗೇ ಅರ್ಜಿ ಕೊಡಬಹುದು. ಆರು ತಿಂಗಳೊಳಗೆ ಕೊಡಬೇಕೆಂದು 2022ರ ಏಪ್ರಿಲಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ.

ದೋಣಿಯ ಮಾತು ಬೇರೆ. ಮೋಟಾರಿನಿಂದಲೇ ಓಡಿದರೂ ಅದು ಆ ಕಾಯಿದೆಗೆ ಮೋಟಾರು ವಾಹನವಲ್ಲ! ಶಬ್ದಾರ್ಥದ ಪಾಠ ಹೇಳುವ ನನಗೂ ಇದು ಮೊದಲು ವಿಚಿತ್ರವೆನಿಸಿತು. ರಸ್ತೆಯ ಮೇಲೆ ಓಡಲು ಅಳವಟ್ಟದ್ದೇ ವಾಹನವೆಂಬುದು ಅಲ್ಲಿಯ ಅರ್ಥ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಟಿಕೆಟ್ಟು ಕೊಂಡು ದೋಣಿ ಹತ್ತಿದವರು ಗ್ರಾಹಕರು. ಮಿತಿಮೀರಿ ಜನರನ್ನು ತುಂಬಿದರು, ಲೈಫ್ ಜಾಕೆಟ್ಟು ಕೊಡಲಿಲ್ಲ ಎಂದಾದರೆ ಅದು ಸೇವೆಯ ಲೋಪ. ತಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಟಿಕೆಟ್ಟಿನ ಬೆಲೆ ಅಲ್ಪವಾದುದರಿಂದ ಶುಲ್ಕವಿಲ್ಲ. ವಕೀಲರೇ ಬೇಕೆಂಬ ನಿರ್ಬಂಧವೂ ಇಲ್ಲ.

ಆದರೆ ಆ ಟಿಕೆಟ್ಟೆಲ್ಲಿ? ದೋಣಿ ಹತ್ತಿದೊಡನೆ ಹರಿದೆಸೆಯುವುದು ನಮ್ಮ ವಾಡಿಕೆ! ಅದನ್ನು ಜೋಪಾನವಾಗಿಡಿ. ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ, ವೈದ್ಯರು ಬರೆದ ಗಾಯದ ಪ್ರಮಾಣಪತ್ರ, ಔಷಧಿಯ ರಸೀತಿಗಳು, ಜೊತೆಗಿದ್ದವರ ಹೆಸರು ವಿಳಾಸಗಳು, ಇವೂ ಬೇಕು. ಆಸ್ಪತ್ರೆಯ ಹಾಸಿಗೆಯ ಬಳಿಗೆ ಯಾರಾದರೂ ಒಂದಿಷ್ಟು ಹಣ ತಂದು, ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಕಾಗದಕ್ಕೆ ರುಜು ಬೇಡಿದರೆ, ತಿಳಿದವರೊಬ್ಬರು ಅದನ್ನು ಓದಿ ನೋಡುವವರೆಗೆ ಲೇಖನಿ ಮುಟ್ಟಬೇಡಿ.