ಬಂದೂಕು ಇಳಿಸಿ ಸೀಮೆಸುಣ್ಣ ಹಿಡಿದ ಮೇಜರ್

ಅಡಿಕೆ ಸಸಿ ನೆಟ್ಟವನು ಮೊದಲ ಗೊನೆ ಕಾಣಬೇಕಾದರೆ ಐದಾರು ವರ್ಷ ಕಾಯಬೇಕು. ಕಾಫಿ ಗಿಡವಾದರೂ ಮೂರು ನಾಲ್ಕು ವರ್ಷ ಕಳೆಯದೆ ಹಣ್ಣು ಕೊಡುವುದಿಲ್ಲ. ಶಾಲೆಯ ಕೆಲಸ ಇದಕ್ಕಿಂತಲೂ ನಿಧಾನ. ಒಂದನೆಯ ತರಗತಿಗೆ ಬಂದ ಮಗು ತನ್ನ ಕಾಲ ಮೇಲೆ ನಿಲ್ಲಲು ಹದಿನೈದು ವರ್ಷವಾದರೂ ಬೇಕು. ಅಷ್ಟು ಕಾಲ ಒಂದೇ ಊರಿನಲ್ಲಿ ನಿಂತು ಕಾಯುವ ಉಪಾಧ್ಯಾಯರು ಎಷ್ಟು ಮಂದಿ? ಗುಡ್ಡಗಾಡಿನ ಶಾಲೆಗೆ ಬಂದವರು ಒಂದೆರಡು ಮಳೆಗಾಲ ಕಂಡೊಡನೆ ಪೇಟೆಯ ಕಡೆ ಮುಖ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅವರನ್ನು ದೂರಿ ಪ್ರಯೋಜನವಿಲ್ಲ. ಅವರಿಗೂ ಸಂಸಾರವಿದೆ, ಮಕ್ಕಳಿವೆ. ಆದರೆ ಹೋಗದೆ ನಿಂತ ಒಬ್ಬರ ಕಥೆ ತಿಳಿದಿರುವುದು ಒಳ್ಳೆಯದೆಂದು ಈ ಲೇಖನ.

ಅವರ ಹೆಸರು ಮೇಜರ್ ಜೆಫ್ರಿ ಲ್ಯಾಂಗ್‌ಲ್ಯಾಂಡ್ಸ್. ಹುಟ್ಟಿದ್ದು 1917ರ ಅಕ್ಟೋಬರ್ 21ರಂದು, ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ. ಅವಳಿ ಮಕ್ಕಳಲ್ಲಿ ಒಬ್ಬರು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ, 1918ರಲ್ಲಿ, ತಂದೆ ಇನ್‌ಫ್ಲುಯೆಂಜಾ ಜ್ವರಕ್ಕೆ ತುತ್ತಾದರು. ನಮ್ಮ ಹಿಂದಿನ ತಲೆಮಾರಿನವರು ಬಾಯಲ್ಲಿ ಹೇಳಲೂ ಹೆದರುತ್ತಿದ್ದ ಅದೇ ಜ್ವರ. ಹನ್ನೆರಡನೆಯ ವಯಸ್ಸಿಗೆ ತಾಯಿಯೂ ಕ್ಯಾನ್ಸರಿನಿಂದ ತೀರಿಕೊಂಡರು. ತಬ್ಬಲಿ ಹುಡುಗ ಓದಿದ್ದು ಬಂಧುಗಳ ಆಸರೆಯಲ್ಲಿ ಮತ್ತು ಟಾಂಟನ್ ಎಂಬ ಊರಿನ ಒಂದು ಶಾಲೆ ಕೊಟ್ಟ ಉಚಿತ ಶಿಕ್ಷಣದಿಂದ. ಯಾರೋ ಶುಲ್ಕ ಮನ್ನಾ ಮಾಡಿದ್ದರಿಂದ ತಾನು ಮನುಷ್ಯನಾದೆ ಎಂಬುದನ್ನು ಅವರು ಮರೆಯಲಿಲ್ಲವೆಂಬುದಕ್ಕೆ ಮುಂದಿನ ಅವರ ಬದುಕೇ ಸಾಕ್ಷಿ.

ಮೊದಲು ಮೇಷ್ಟರು, ಆಮೇಲೆ ಸಿಪಾಯಿ

ಸೈನ್ಯದಿಂದ ಬಂದು ಮೇಷ್ಟರಾದವರು ಎಂದು ಅವರನ್ನು ಕರೆಯುತ್ತಾರೆ. ನಿಜಕ್ಕೆ ಅವರು ಮೊದಲೇ ಮೇಷ್ಟರು. ಓದು ಮುಗಿಸಿ ಲಂಡನ್ನಿನ ಬಳಿಯ ಕ್ರಾಯ್ಡನ್‌ನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾಗ 1939ರಲ್ಲಿ ಮಹಾಯುದ್ಧ ಬಂತು. ಸಾಮಾನ್ಯ ಸಿಪಾಯಿಯಾಗಿ ಸೇರಿ ಕಮಾಂಡೋ ಪಡೆಗೆ ಹೋದರು. 1942ರ ಆಗಸ್ಟ್ 19ರಂದು ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಅವರಿದ್ದರು. ಅಂದು ದಡಕ್ಕೆ ಇಳಿದ ಸುಮಾರು 6,000 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು. ಇವರು ಬದುಕಿ ಬಂದರು.

1944ರಲ್ಲಿ ಭಾರತಕ್ಕೆ ಬಂದರು. ಅವರು ಮೊದಲ ದಿನಗಳನ್ನು ಕಳೆದ ಊರು ನಮ್ಮ ಬೆಂಗಳೂರು. 1947ರಲ್ಲಿ ದೇಶ ಇಬ್ಭಾಗವಾದಾಗ ಸೈನ್ಯವೂ ಹಂಚಿಹೋಯಿತು. ಲ್ಯಾಂಗ್‌ಲ್ಯಾಂಡ್ಸ್ ಪಾಕಿಸ್ತಾನದ ಸೈನ್ಯಕ್ಕೆ ತರಬೇತಿ ಕೊಡುವವರಾಗಿ ಅಲ್ಲಿಗೆ ಹೋದರು. ಆ ದೇಶದೊಡನೆ ನಮಗೆ ಯುದ್ಧಗಳಾಗಿವೆ. ನಮ್ಮ ಕೊಡಗಿನ, ಮಲೆನಾಡಿನ ಮನೆಗಳೂ ಮಕ್ಕಳನ್ನು ರಣರಂಗಕ್ಕೆ ಕಳುಹಿಸಿವೆ. ಅದನ್ನು ಮರೆಯಬೇಕಿಲ್ಲ. ಆದರೆ ಮಗುವಿಗೆ ಲೆಕ್ಕ ಕಲಿಸುವ ಕೆಲಸ ಎಲ್ಲಿ ನಡೆದರೂ ಒಂದೇ.

ಸೈನ್ಯದ ಕರಾರು ಮುಗಿದಾಗ ಊರಿಗೆ ಮರಳಬಹುದಾಗಿತ್ತು. ಆಗ ಸೇನಾಧಿಪತಿಯಾಗಿದ್ದ ಅಯೂಬ್ ಖಾನ್ ‘ಇಲ್ಲೇ ಇದ್ದು ಪಾಠ ಹೇಳುವಿರಾ’ ಎಂದು ಕೇಳಿದರು. ಹೀಗೆ 1954ರಲ್ಲಿ ಲಾಹೋರಿನ ಐಚಿಸನ್ ಕಾಲೇಜು ಸೇರಿ 25 ವರ್ಷ ಅಲ್ಲಿ ಗಣಿತ ಕಲಿಸಿದರು. ಅದು ಜಮೀನ್ದಾರರ, ಅಧಿಕಾರಿಗಳ ಮಕ್ಕಳು ಓದುವ ಶಾಲೆ. ಮುಂದೆ ಕ್ರಿಕೆಟ್ ಆಟಗಾರರಾಗಿ, 2018ರಲ್ಲಿ ಪ್ರಧಾನಿಯೂ ಆದ ಇಮ್ರಾನ್ ಖಾನ್ ಇವರ ಶಿಷ್ಯರೇ. ರಜೆಯಲ್ಲಿ ಹುಡುಗರನ್ನು ಕಟ್ಟಿಕೊಂಡು ಬೆಟ್ಟ ಹತ್ತಿಸುವುದೂ ಮೇಜರರ ಪಾಠದ ಒಂದು ಭಾಗವಾಗಿತ್ತು.

ಅರವತ್ತರ ನಂತರ ಬೆಟ್ಟಕ್ಕೆ

ಬೇರೆಯವರಾದರೆ ಇಲ್ಲಿಗೆ ಹಾರ ಹಾಕಿಸಿಕೊಂಡು ವಿಶ್ರಾಂತಿ ಪಡೆಯುತ್ತಿದ್ದರು. 1979ರಲ್ಲಿ, 61ರ ವಯಸ್ಸಿನಲ್ಲಿ, ಅವರು ಉತ್ತರ ವಜೀರಿಸ್ತಾನದ ರಜ್ಮಕ್ ಎಂಬಲ್ಲಿನ ಕೆಡೆಟ್ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಹೆಗಲಲ್ಲಿ ಬಂದೂಕಿಲ್ಲದೆ ಗಂಡಸರು ಹೊರಗೆ ಹೊರಡದ ನಾಡು ಅದು. 1988ರಲ್ಲಿ ಚುನಾವಣೆಯ ಫಲಿತಾಂಶದ ಮೇಲೆ ಮುನಿಸಿಕೊಂಡ ಗುಂಪೊಂದು ಈ ಎಪ್ಪತ್ತರ ಮುದುಕರನ್ನು ಹೊತ್ತೊಯ್ದು ಆರು ದಿನ ಇಟ್ಟುಕೊಂಡಿತು. ಬಿಡುಗಡೆಯಾದ ಮೇಲೂ ಅವರು ಆ ದೇಶ ಬಿಡಲಿಲ್ಲ.

1989ರಲ್ಲಿ ಇನ್ನೂ ದೂರದ ಚಿತ್ರಾಲ್ ಕಣಿವೆಗೆ ಹೋದರು. ಹಿಂದೂಕುಷ್ ಪರ್ವತಗಳ ನಡುವಿನ ಆ ಕಣಿವೆಯ ಮೇಲೆ ತಿರಿಚ್ ಮೀರ್ ಶಿಖರ 7,708 ಮೀಟರ್ ಎತ್ತರಕ್ಕೆ ನಿಂತಿದೆ. ನಮ್ಮ ಮುಳ್ಳಯ್ಯನಗಿರಿಯಂಥ ನಾಲ್ಕನ್ನು ಒಂದರ ಮೇಲೊಂದು ಇಟ್ಟಷ್ಟು. ಜನರೆಲ್ಲ ಸಣ್ಣ ಹಿಡುವಳಿದಾರರು. ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಂದು ಗೋಧಿ, ಜೋಳ ಬೆಳೆಯುತ್ತಾರೆ. ಹೊಲದ ಅಂಚಿಗೆ ಅಕ್ರೋಟು, ಜರ್ದಾಳು ಮರಗಳು. ಹೊರಗಿನ ದಾರಿ 3,000 ಮೀಟರಿಗೂ ಎತ್ತರದ ಲೊವಾರಿ ಕಣಿವೆ ಮಾರ್ಗ. ಚಳಿಗಾಲದಲ್ಲಿ ಹಿಮ ಬಿದ್ದರೆ ತಿಂಗಳುಗಟ್ಟಲೆ ಬಂದ್. ಆಷಾಢದಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚಿದಾಗ ನಮಗಾಗುವ ಫಜೀತಿಯನ್ನು ನೆನೆದರೆ ಅವರ ಪಾಡು ಅರ್ಥವಾದೀತು. ಅಲ್ಲಿನ ಸುರಂಗ ಮಾರ್ಗ ತೆರೆದದ್ದು 2017ರಲ್ಲಿ, ಮೇಜರ್ ಆ ಊರು ಬಿಟ್ಟು ಐದು ವರ್ಷವಾದ ಮೇಲೆ.

ಅಲ್ಲಿ 1988ರಲ್ಲಿ ಆರಂಭವಾಗಿದ್ದ ಪುಟ್ಟ ಶಾಲೆಯನ್ನು ಅವರು ಕೈಗೆತ್ತಿಕೊಂಡರು. ಆಗ ಮಕ್ಕಳು ನೂರೂ ಇರಲಿಲ್ಲ. ಮುಂದೆ ಸುಮಾರು ಸಾವಿರವಾಯಿತು. ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳೂ ಬಂದರು. ರೈತರ ಕೈಗೆ ಎಟಕುವಂತೆ ಶುಲ್ಕ ಕಡಿಮೆ ಇಟ್ಟರು. ತಮ್ಮ ಸಂಬಳವೂ ಅಲ್ಪವೇ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಬೆಳಗಾಗುವ ಮುನ್ನ ಏಳುವುದು, ಓಟ್ಸ್ ಗಂಜಿ, ಒಂದು ಮೊಟ್ಟೆ, ಎರಡು ಲೋಟ ಚಹಾ, ನಂತರ ಶಾಲೆ. ಈ ಕ್ರಮ ತಪ್ಪಲಿಲ್ಲ. (ಕಾಫಿಯಲ್ಲವಲ್ಲ ಎಂಬುದೊಂದೇ ನಮ್ಮ ತಕರಾರು.) ಹೀಗೆ 23 ವರ್ಷ. 2012ರಲ್ಲಿ ನಿವೃತ್ತರಾದಾಗ ಅವರಿಗೆ 94.

ಬಿಟ್ಟುಕೊಡುವ ಕಷ್ಟ

ಎಲ್ಲವೂ ಸುಸೂತ್ರವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಕೊನೆಯ ವರ್ಷಗಳಲ್ಲಿ ಶಾಲೆಗೆ ಹಣದ ಮುಗ್ಗಟ್ಟು ಇತ್ತು. ಅವರ ನಂತರ ಬಂದ ಪ್ರಾಂಶುಪಾಲರು ತಮ್ಮ ರೀತಿಯಲ್ಲಿ ಬದಲಾವಣೆಗೆ ಕೈಹಾಕಿದಾಗ, 2015ರಲ್ಲಿ ಇಬ್ಬರ ನಡುವೆ ಭಿನ್ನಾಭಿಪ್ರಾಯ ಬೆಳೆದು ಪತ್ರಿಕೆಗಳವರೆಗೂ ಹೋಯಿತು. ಆಗ ಅವರಿಗೆ 97. ಬೆವರು ಸುರಿಸಿ ಬೆಳೆಸಿದ ತೋಟದ ಬೀಗದ ಕೈಯನ್ನು ಮಗನಿಗೆ ಕೊಟ್ಟ ಮೇಲೂ ಅಜ್ಜ ಬೇಲಿಯ ಬಳಿ ನಿಂತು ‘ಹಾಗಲ್ಲ, ಹೀಗೆ’ ಎನ್ನುವುದಿಲ್ಲವೇ? ನೆಡುವುದು ಕಷ್ಟ, ಕಾಯುವುದು ಇನ್ನೂ ಕಷ್ಟ, ಬಿಟ್ಟುಕೊಡುವುದು ಎಲ್ಲಕ್ಕಿಂತ ಕಷ್ಟ.

ಕೊನೆಗಾಲವನ್ನು ಅವರು ಲಾಹೋರಿನ ತಮ್ಮ ಹಳೆಯ ಕಾಲೇಜಿನ ಆವರಣದಲ್ಲಿಯೇ ಕಳೆದರು. 2019ರ ಜನವರಿ 2ರಂದು, 101ರ ವಯಸ್ಸಿನಲ್ಲಿ ತೀರಿಕೊಂಡರು. ಅಂದು ದೇಶದ ಪ್ರಧಾನಿ ಅವರ ವಿದ್ಯಾರ್ಥಿ. ಆದರೆ ಮೇಜರರ ನಿಜವಾದ ಫಸಲು ಪ್ರಧಾನಿಯಲ್ಲ. ಹಿಮದ ಕಣಿವೆಯಿಂದ ಓದಿ ಹೊರಬಂದ, ನಮಗೆ ಹೆಸರೂ ತಿಳಿಯದ ರೈತರ ಮಕ್ಕಳು.

ಬೆಳೆಗಾರ ಬಂಧುಗಳೇ, ನಮ್ಮ ಊರುಗಳಲ್ಲೂ ಸೈನ್ಯದಿಂದ ನಿವೃತ್ತರಾಗಿ ಬಂದು ತೋಟ ನೋಡಿಕೊಳ್ಳುವವರಿದ್ದಾರೆ. ಲೆಕ್ಕ ಬಲ್ಲವರು, ಇಂಗ್ಲಿಷು ಬಲ್ಲವರು, ಹೊತ್ತಿಗೆ ಸರಿಯಾಗಿ ಏಳುವವರು. ನಮ್ಮ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿವೆ. ಉಳಿದ ಮಕ್ಕಳಿಗೆ ಗಣಿತವೆಂದರೆ ಭಯ. ವಜೀರಿಸ್ತಾನಕ್ಕೆ ಹೋಗಬೇಕೆಂದು ಯಾರೂ ಕೇಳುತ್ತಿಲ್ಲ. ಕೊಯ್ಲಿನ ಕಾಲ ಬಿಟ್ಟು, ವಾರಕ್ಕೆ ಎರಡು ಸಂಜೆ, ನಾಲ್ಕು ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ಮಗ್ಗಿ, ಭಿನ್ನರಾಶಿ ಹೇಳಿಕೊಟ್ಟರೆ ಸಾಕು. ಸಸಿ ನೆಟ್ಟ ವರ್ಷವೇ ಗೊನೆ ಬರುವುದಿಲ್ಲವೆಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.